ಕಾರಿನ ಸಾಲಕ್ಕೆ ಮುಂಚೆ ಜನವರಿಯ ಲೆಕ್ಕ

ಅಕ್ಕಾ, ನಿಮ್ಮ ಪ್ರಶ್ನೆಗೆ ಕೆಲಸ ಮುಗಿಸಿ ಬಂದು ಈಗ ಉತ್ತರಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವನಿಗೆ ಕೆಲಸಗಾರರನ್ನು ಒದಗಿಸುವ ಏಜೆನ್ಸಿ ಮೂಲಕ ಮೆಲ್ಬರ್ನಿನ ಟ್ರುಗನೈನಾದ ವೇರ್‌ಹೌಸಿನಲ್ಲಿ ಕ್ಯಾಶುವಲ್ ಕೆಲಸ, ಅಂದರೆ ಕಾಯಂ ಅಲ್ಲದ, ಕರೆದಾಗ ಮಾತ್ರ ಹೋಗುವ ಕೆಲಸ ಸಿಕ್ಕಿದೆ, ಕಾಯಂ ನೌಕರನಿಗಿಂತ ಗಂಟೆಗೆ ಶೇ 25 ಹೆಚ್ಚು ಕೊಡುತ್ತಾರೆ, ಅದನ್ನು ನಂಬಿ ಕಾರಿಗೆ ಸಾಲ ಮಾಡಬಹುದೇ ಎಂದು ಕೇಳಿದ್ದೀರಿ. "ಸಂಬಳ ಹೆಚ್ಚಿದ್ದರೆ ಚಿಂತೆ ಯಾಕೆ" ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಮೆಲ್ಬರ್ನಿಗೆ ಬಂದ ಮೊದಲ ಎರಡು ವರ್ಷ ಅಂಥದೇ ಕಡೆ ಪೆಟ್ಟಿಗೆ ಎತ್ತಿದವನು ನಾನು.

ಕಾಯಂ ನೌಕರನಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ, ಹತ್ತು ದಿನ ಕಾಯಿಲೆ ರಜೆ, ಹಬ್ಬದ ದಿನಗಳ ಸಂಬಳ ಇರುತ್ತವೆ. ಕ್ಯಾಶುವಲ್‌ಗೆ ಇವು ಯಾವುವೂ ಇಲ್ಲ, ಇವೆಲ್ಲದರ ಬದಲಿಗೆ ಕೊಡುವುದೇ ಆ ಶೇ 25. ಕಾಯಂ ನೌಕರನ 52 ವಾರದ ಸಂಬಳವನ್ನು ಕ್ಯಾಶುವಲ್ ಸುಮಾರು 42 ವಾರದಲ್ಲಿ ದುಡಿಯುತ್ತಾನೆ. ಉಳಿದ ಹತ್ತು ವಾರಕ್ಕಿಂತ ಹೆಚ್ಚು ಕೆಲಸ ತಪ್ಪಿದರೆ ಅವನಿಗೇ ನಷ್ಟ. ಕ್ರಿಸ್‌ಮಸ್ಸಿಗೆ ಮುಂಚೆ ನನಗೆ ವಾರಕ್ಕೆ ಆರು ಶಿಫ್ಟ್, ಜನವರಿಯಲ್ಲಿ ಎರಡು. ಮನೆ ಬಾಡಿಗೆ ಮಾತ್ರ ಎರಡೂ ತಿಂಗಳು ಅಷ್ಟೇ.

ಸಂಜೆ ಊಟದ ತಟ್ಟೆಯ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಳ್ಳುತ್ತಿದ್ದೆ. ಮರುದಿನದ ಶಿಫ್ಟಿಗೆ ಏಜೆನ್ಸಿಯ ಸಂದೇಶ ಬಂದ ಕೂಡಲೇ ಉತ್ತರಿಸದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು. ನಾನು ಸ್ನಾನಕ್ಕೆ ಹೋದರೆ ಹೆಂಡತಿ ಬಾಗಿಲ ಹೊರಗೆ ಮೊಬೈಲ್ ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ಸೊಂಟ ಹಿಡಿದುಕೊಂಡಿತು, ಎರಡು ದಿನ ಬರಲಾಗುವುದಿಲ್ಲ ಎಂದೆ. ಯಾರೂ ಬೈಯಲಿಲ್ಲ, ಕೆಲಸದಿಂದ ತೆಗೆದಿದ್ದೇವೆ ಎಂದೂ ಹೇಳಲಿಲ್ಲ. ಮೂರು ವಾರ ಸಂದೇಶವೇ ಬರಲಿಲ್ಲ. ಆಮೇಲೆ ಜ್ವರ ಬಂದರೂ ಮಾತ್ರೆ ನುಂಗಿ ಹೋದೆ, ಸಂಬಳದಲ್ಲಿ ಗಂಟೆಗಳು ಕಡಿಮೆ ಬಿದ್ದಾಗಲೂ ಬಾಯಿ ಬಿಡಲಿಲ್ಲ. ನಿಮ್ಮ ತಮ್ಮ ಹಾಗೆ ಹೆದರಿ ಬದುಕಬಾರದು.

ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಏಜೆನ್ಸಿಗೆ ಪರವಾನಗಿ ಕಡ್ಡಾಯ. ಆ ಪರವಾನಗಿ ಕೊಡುವ ಲೇಬರ್ ಹೈರ್ ಅಥಾರಿಟಿಯ ಜಾಲತಾಣದಲ್ಲಿ ಅದರ ಹೆಸರು ಇದೆಯೇ ಎಂದು ಇವತ್ತೇ ನೋಡಿ. ಇನ್ನೊಂದು, 2024ರ ಆಗಸ್ಟ್ 26ರಿಂದ ಹೊಸ ನಿಯಮ ಬಂದಿದೆ. ಆರು ತಿಂಗಳು ದುಡಿದ ಮೇಲೆ, ಕೆಲಸ ನಿಜಕ್ಕೂ ಕ್ಯಾಶುವಲ್ ರೀತಿಯಲ್ಲಿ ನಡೆಯುತ್ತಿಲ್ಲ ಎನಿಸಿದರೆ, ಕಾಯಂ ಮಾಡಿ ಎಂದು ಲಿಖಿತವಾಗಿ ಕೇಳಬಹುದು. ಹದಿನೈದಕ್ಕಿಂತ ಕಡಿಮೆ ನೌಕರರಿರುವ ಕಡೆ ಒಂದು ವರ್ಷ ಕಾಯಬೇಕು. ಪತ್ರ ಕೊಡಬೇಕಾದದ್ದು ಏಜೆನ್ಸಿಗೆ, ವೇರ್‌ಹೌಸಿಗಲ್ಲ, ಏಕೆಂದರೆ ಕಾನೂನಿನ ಪ್ರಕಾರ ಅವನ ಮಾಲೀಕರು ಏಜೆನ್ಸಿಯವರೇ. ಅವರು 21 ದಿನದೊಳಗೆ ಬರಹದಲ್ಲಿ ಉತ್ತರಿಸಬೇಕು. ಕಾರಣ ಕೊಟ್ಟು ನಿರಾಕರಿಸಲೂಬಹುದು. ಆದ್ದರಿಂದ ಮೊದಲ ದಿನದಿಂದಲೇ ಯಾವ ದಿನ, ಎಷ್ಟು ಗಂಟೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ, ಬಂದ ಸಂದೇಶಗಳನ್ನು ಅಳಿಸದಿರಲಿ. ನಾನು ಬರೆದಿಟ್ಟಿರಲಿಲ್ಲ, ಆ ಗಂಟೆಗಳ ಹಣ ಹೋದದ್ದು ಹೋಯಿತು.

ಕಾರಿನ ಸಾಲ ಈಗ ಬೇಡ ಅಕ್ಕಾ. ಹಳೆಯ ಕಾರು ಸಾಕು. ಕೈಗೆ ಬರುವ ಪ್ರತಿ ಐದು ಡಾಲರಿನಲ್ಲಿ ಒಂದು (125ರಲ್ಲಿ 25) ರಜೆಯ ಬದಲಿಗೆ ಕೊಟ್ಟ ಹಣ. ಅದು ಬೇರೆ ಖಾತೆಗೆ ಹೋಗಲಿ. ಬಾಡಿಗೆ ಕೊಟ್ಟು ಅಷ್ಟು ಉಳಿಸುವುದು ಸುಲಭವಲ್ಲ, ಪ್ರತಿ ವಾರ ನನಗೂ ಆಗಲಿಲ್ಲ. ಆದ ವಾರ ಇಡಲಿ.

ಮೊದಲ ಪೇಸ್ಲಿಪ್ ಬಂದ ಮೇಲೆ ಶನಿವಾರ ಅವನನ್ನು ನಮ್ಮ ಮನೆಗೆ ಕಳುಹಿಸಿ. ಊಟ ಇಲ್ಲೇ ಮಾಡಲಿ, ಗಂಟೆಗಳನ್ನು ಒಟ್ಟಿಗೆ ಕೂತು ತಾಳೆ ನೋಡುತ್ತೇವೆ.