ನೀರುಕಾಗೆಯದು ಹಾವಳಿಯಾ, ಕಾಟವಾ, ಪಾಲಾ?

ಎಲ್ಲರಿಗೂ ನಮಸ್ಕಾರ,

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಾನಿರುವುದು ಕೆನಡಾದ ಟೊರಾಂಟೊ ಹತ್ತಿರ, ಆಂಟೇರಿಯೊ ಸರೋವರದ ದಡದಲ್ಲಿ. ಇಲ್ಲಿನ ಕನ್ನಡ ಮಕ್ಕಳ ಪತ್ರಿಕೆಗೆ ಸರೋವರದ ಹಕ್ಕಿಗಳು, ಸಾಲ್ಮನ್ ಮೀನು, ಗಾಳ ಹಾಕುವವರು, ಈ ಮೂವರ ಜಗಳದ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಮೊದಲು ‘ಸಾಲ್ಮನ್ ಮೀನಿಗೆ ನೀರುಕಾಗೆ ಹಾವಳಿ’ ಅಂತ ಬರೆದೆ. ಆಮೇಲೆ ‘ಹಾವಳಿ’ ಚುಚ್ಚತೊಡಗಿತು.

ಹಕ್ಕಿಯ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಇಂಗ್ಲಿಷಿನ ಕಾರ್ಮೊರೆಂಟ್ ಹುಟ್ಟಿದ್ದು ‘ಕಡಲ ಕಾಗೆ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ನಮ್ಮಲ್ಲಿ ನೀರುಕಾಗೆ, ತಮಿಳಿನಲ್ಲಿ ನೀರ್ಕಾಗಂ, ಮಲಯಾಳದಲ್ಲಿ ನೀರ್ಕಾಕ್ಕ. ಕಾಗೆಯ ಜಾತಿಯೇ ಅಲ್ಲದ ಹಕ್ಕಿಯನ್ನು ಎರಡು ದಿಕ್ಕಿನ ಜನ ಕಾಗೆ ಎಂದೇ ಕಂಡರಲ್ಲ, ನನಗೆ ಬಹಳ ಖುಷಿಯಾಯಿತು. ಇಲ್ಲಿರುವ ಜಾತಿಗೆ ಮರಿ ಮಾಡುವ ಕಾಲದಲ್ಲಿ ತಲೆಯ ಮೇಲೆ ಎರಡು ಪುಕ್ಕದ ಕುಚ್ಚು ಬರುತ್ತದೆ. ಅದಕ್ಕೆ ‘ಜೋಡಿಜುಟ್ಟಿನ ನೀರುಕಾಗೆ’ ಎಂದಿದ್ದೇನೆ. ಮೊನ್ನೆ ದಡದ ಕಂಬದ ಮೇಲೆ ಒಂದು ಕೂತಿತ್ತು. ನಮ್ಮೂರ ಕೆರೆಯಲ್ಲಿ ಒಣಮರದ ಮೇಲೆ ಕೂರುತ್ತದಲ್ಲ, ಅದೇ ಠೀವಿ. ಎರಡೂ ರೆಕ್ಕೆ ಬಿಚ್ಚಿ, ಒಗೆದ ಬಟ್ಟೆ ಹರವಿದ ಹಾಗೆ. ಗಂಟಲ ಹತ್ತಿರ ಕಿತ್ತಳೆ ಬಣ್ಣದ ಚರ್ಮ, ಕಣ್ಣು ಮಾತ್ರ ಹಸಿರು ನೀಲಿ ಮಣಿ.

ಇನ್ನು ಜಗಳಕ್ಕೆ ಬರೋಣ. ಈ ಸರೋವರಕ್ಕೆ ಸೇರಿದ್ದ ಅಟ್ಲಾಂಟಿಕ್ ಸಾಲ್ಮನ್ 19ನೇ ಶತಮಾನ ಮುಗಿಯುವ ಹೊತ್ತಿಗೆ ಇಲ್ಲವಾಯಿತು. ಈಗ ಜನ ಗಾಳ ಹಾಕುವುದು ಹೆಚ್ಚಾಗಿ ಚಿನೂಕ್ ಸಾಲ್ಮನ್‌ಗೆ. ಅದು ಪೆಸಿಫಿಕ್ ಕಡೆಯ ಮೀನು, 1960ರ ದಶಕದ ಕೊನೆಯಿಂದ ಇಲ್ಲಿಗೆ ಮರಿ ತಂದು ಬಿಟ್ಟದ್ದು. ನೀರುಕಾಗೆಗಳದು ತಿರುಗುಮುರುಗು ಕತೆ. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ 1970ರ ಸುಮಾರಿಗೆ ಇಲ್ಲಿ ಕಾಣುವುದೇ ಅಪರೂಪವಾಗಿತ್ತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿದ ಮೇಲೆ ಚೇತರಿಸಿಕೊಂಡು ಸಾವಿರ ಸಾವಿರವಾದವು. ಒಂದು ಹಕ್ಕಿ ದಿನಕ್ಕೆ ಸುಮಾರು ಅರ್ಧ ಕಿಲೋ ಮೀನು ತಿನ್ನುತ್ತದೆ. ಗಾಳದವರ ಸಿಟ್ಟು ಅಲ್ಲಿಂದ ಶುರು. 1998ರ ಬೇಸಿಗೆಯಲ್ಲಿ ಸರೋವರದ ಅಮೆರಿಕದ ಭಾಗದಲ್ಲಿರುವ ಲಿಟಲ್ ಗ್ಯಾಲೂ ದ್ವೀಪಕ್ಕೆ ಕೆಲವರು ಕದ್ದು ಹೋಗಿ 800ಕ್ಕೂ ಹೆಚ್ಚು ಹಕ್ಕಿಗಳನ್ನು ಗುಂಡಿಟ್ಟು ಕೊಂದರು. 2020ರಲ್ಲಿ ಆಂಟೇರಿಯೊ ಪ್ರಾಂತ್ಯವೇ ನೀರುಕಾಗೆ ಬೇಟೆಗೆ ಅನುಮತಿ ಕೊಟ್ಟಿತು, ಒಬ್ಬರಿಗೆ ದಿನಕ್ಕೆ 15.

ಆದರೆ ಹಕ್ಕಿಯ ಹೊಟ್ಟೆಯಲ್ಲಿ ಸಿಗುವುದು ಬೇರೆ. ಅಲೆವೈಫ್ ಎಂಬ ಸಣ್ಣ ಮೀನು, ಹಡಗಿನ ತಳದ ನೀರಿನ ಜೊತೆ ಬಂದು ಸೇರಿಕೊಂಡ ಗೋಬಿ ಎಂಬ ಇನ್ನೊಂದು ಮೀನು, ಇವೇ ಜಾಸ್ತಿ. ಬೆಳೆದ ಚಿನೂಕ್ ನೀರುಕಾಗೆಯ ಬಾಯಲ್ಲಿ ಹಿಡಿಸುವುದೇ ಇಲ್ಲ, ಅಷ್ಟು ದೊಡ್ಡದು. ಸಾಲ್ಮನ್‌ಗೆ ನೇರ ಪೆಟ್ಟು ಬೀಳುವುದು ಒಂದೇ ಹೊತ್ತಿನಲ್ಲಿ, ಬೆರಳುದ್ದದ ಮರಿಗಳನ್ನು ನೀರಿಗೆ ಬಿಟ್ಟಾಗ. ತೊಟ್ಟಿಯಲ್ಲಿ ಬೆಳೆದ ಮರಿಗೆ ಹಕ್ಕಿಯ ಭಯ ಗೊತ್ತಿರಲ್ಲ, ಗುಂಪಾಗಿ ಮೇಲೆಯೇ ಸುತ್ತುತ್ತಿರುತ್ತದೆ. ಅದಕ್ಕೇ ಕೆಲವು ಬಂದರುಗಳಲ್ಲಿ ಮರಿಗಳನ್ನು ಮೊದಲು ಬಲೆಯ ಪಂಜರದಲ್ಲಿಟ್ಟು, ಕೆಲವು ವಾರ ಮೇವು ಹಾಕಿ, ನೀರಿಗೆ ಹೊಂದಿಕೊಂಡ ಮೇಲೆ ಬಿಡುತ್ತಾರೆ.

ಇಲ್ಲಿ ಕನ್ನಡ ತಾನಾಗಿಯೇ ಕೈ ಹಿಡಿಯಿತು. ನಮ್ಮಲ್ಲಿ ಕೆರೆಗೆ ಮರಿ ಬಿಡುವುದನ್ನು ‘ಮೀನುಮರಿ ಬಿತ್ತನೆ’ ಎನ್ನುತ್ತಾರೆ. ಬಿತ್ತನೆ ಎಂದ ಕೂಡಲೇ ಎಲ್ಲ ಅರ್ಥವಾಗುತ್ತದೆ, ಅಲ್ವಾ? ಬಿತ್ತಿದ ಹೊಲಕ್ಕೆ ಹಕ್ಕಿ ಇಳಿಯುತ್ತದೆ, ಕಾಳು ಹೆಕ್ಕುತ್ತದೆ, ಯಾರಾದರೂ ಹಕ್ಕಿ ಕಾಯಬೇಕು. ಆ ಬಲೆಯ ಪಂಜರಕ್ಕೆ ನಾನು ‘ಮರಿಮಡಿ’ ಎಂದು ಬರೆದಿದ್ದೇನೆ, ಸಸಿಮಡಿಯ ಹಾಗೆ. ಪರವಾಗಿಲ್ಲವಾ ಹೇಳಿ.

ಈಗ ನನ್ನ ಮುಖ್ಯ ಪ್ರಶ್ನೆ. ‘ಹಾವಳಿ’ ಎಂದರೆ ಆನೆ ಹಿಂಡು ಕಬ್ಬಿನ ಗದ್ದೆಗೆ ನುಗ್ಗಿದ ಚಿತ್ರ. ದೋಷ ಯಾರದು ಎಂದು ಆ ಪದವೇ ತೀರ್ಪು ಕೊಟ್ಟುಬಿಡುತ್ತದೆ. ‘ಕಾಟ’ ಸ್ವಲ್ಪ ಹಗುರ, ಸೊಳ್ಳೆ, ಕೋತಿಗೆ ಬಳಸುವಂಥದ್ದು. ಆದರೂ ಅದು ಮನುಷ್ಯನ ಕಡೆಯ ದೂರೇ. ‘ಪರಿಣಾಮ’ ಸರಿಯಾಗಿದೆ, ಆದರೆ ಸಪ್ಪೆ, ಹತ್ತು ವರ್ಷದ ಮಗುವಿಗೆ ಏನೂ ಹೇಳುವುದಿಲ್ಲ. ‘ಪಾಲು’ ನನಗೆ ಬಹಳ ಇಷ್ಟ. ನಮ್ಮ ಅಜ್ಜ ರಾಗಿ ಕಣದಲ್ಲಿ ‘ಹಕ್ಕಿ ಪಾಲು ಹಕ್ಕಿ ತಿಂತು ಬಿಡು’ ಅನ್ನುತ್ತಿದ್ದರು. ‘ಸಾಲ್ಮನ್ ಬಿತ್ತನೆಯಲ್ಲಿ ನೀರುಕಾಗೆಯ ಪಾಲು’ ಎಂದರೆ ಲೆಕ್ಕವೂ ಬಂತು. ಆದರೆ ಸೀಸನ್ನಿಗೆ ದೋಣಿ ಬಾಡಿಗೆಗೆ ಕೊಟ್ಟು ಬದುಕುವವನು ಇದನ್ನು ಓದಿದರೆ, ನಾನು ಹಕ್ಕಿಯ ಪರ ವಾದಿಸುತ್ತಿದ್ದೇನೆ ಅನ್ನಿಸಬಹುದು. ಅವನ ಕಷ್ಟವೂ ಸುಳ್ಳಲ್ಲ. ಲಿಟಲ್ ಗ್ಯಾಲೂ ಸುತ್ತ ಬಾಸ್ ಮೀನಿನ ಮರಿಗಳನ್ನು ಈ ಹಕ್ಕಿಗಳು ನಿಜವಾಗಿಯೂ ಜಾಸ್ತಿ ತಿಂದಿದ್ದವು.

ಇನ್ನೊಂದು ಸಣ್ಣ ವಿಷಯ. ‘ಸಾಲ್ಮನ್’ ಅನ್ನು ಹಾಗೇ ಇಟ್ಟಿದ್ದೇನೆ. ಊರಿನ ಮೀನಂಗಡಿಗಳಲ್ಲಿ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುತ್ತಾರೆ, ಆದರೆ ಎರಡಕ್ಕೂ ನಂಟಿಲ್ಲ. ಆದ್ದರಿಂದ ದಯವಿಟ್ಟು ರಾವಸ್ ಬೇಡ.

ಕೆರೆ, ಜಲಾಶಯಗಳ ಹತ್ತಿರ ಬೆಳೆದವರು ಹೇಳಿ. ಮೀನುಮರಿ ಬಿಟ್ಟ ದಿನ ನೀರುಕಾಗೆ, ಬೆಳ್ಳಕ್ಕಿ ಬಂದು ಮುತ್ತಿದರೆ ಬಲೆಯವರು ಬಾಯಲ್ಲಿ ಏನನ್ನುತ್ತಾರೆ? ಆ ಮಾತು ಸಿಕ್ಕರೆ ಶೀರ್ಷಿಕೆಗೆ ಅದನ್ನೇ ಹಾಕುತ್ತೇನೆ. ಪುಟ ಬರುವ ಶನಿವಾರ ಅಚ್ಚಿಗೆ ಹೋಗುತ್ತದೆ.