ದೊಡ್ಡಮ್ಮನ ವಿಮಾನ ಪ್ರಯಾಣಕ್ಕೆ ಯಾವ ಹೆಡ್‌ಫೋನ್?

ಚಿಕ್ಕಪ್ಪ: (ಕೊಂಡಿ ಹಂಚಿದ್ದಾರೆ) ಅತ್ತಿಗೆಯವರ ಹದಿನಾಲ್ಕು ಗಂಟೆಗಳ ವಿಮಾನ ಪ್ರಯಾಣಕ್ಕೆ ಎಲ್ಲರೂ ಸೇರಿ ಹೆಡ್‌ಫೋನ್ ಕೊಡಿಸೋಣವೆಂದು ಮಾತಾಡಿಕೊಂಡಿದ್ದೆವಲ್ಲ, ಅದಕ್ಕೆ ಇದು ಸರಿಹೊಂದುತ್ತದೆ. ಕಿವಿಯೊಳಗೆ ಕೂರುವ ಪುಟ್ಟ ಇಯರ್‌ಬಡ್. ನಾಲ್ಕು ಮೈಕ್‌ಗಳಿವೆ, ಇಎನ್‌ಸಿ ಇದೆ, ಬೆಲೆಯೂ ಕೈಗೆಟಕುವಂತಿದೆ. ರಿಯಾಯಿತಿ ಇಂದು ರಾತ್ರಿಗೆ ಮುಗಿಯುವುದರಿಂದ, ಯಾರದೂ ಅಡ್ಡಿಯಿಲ್ಲದಿದ್ದರೆ ಈಗಲೇ ತರಿಸಿಬಿಡುತ್ತೇನೆ.

ನಾನು: ಚಿಕ್ಕಪ್ಪ, ದಯವಿಟ್ಟು ಸ್ವಲ್ಪ ತಡೆಯಿರಿ. ನೀವು ಕಳುಹಿಸಿದ ಪುಟವನ್ನು ಪೂರ್ತಿ ಓದಿದೆ. ಎಂಜಿನ್ ಸದ್ದನ್ನು ಅಡಗಿಸುವ ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್) ಎಂಬ ಮಾತು ಅದರಲ್ಲಿ ಒಂದು ಕಡೆಯೂ ಇಲ್ಲ. ಇಎನ್‌ಸಿ (ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್) ಎಂದರೆ ನಾವು ಕರೆಯಲ್ಲಿ ಮಾತನಾಡುವಾಗ ನಮ್ಮ ಸುತ್ತಲಿನ ಸದ್ದನ್ನು ಸೋಸಿ, ಆ ತುದಿಯಲ್ಲಿರುವವರಿಗೆ ನಮ್ಮ ದನಿ ಸ್ಪಷ್ಟವಾಗಿ ಕೇಳುವಂತೆ ಮಾಡುವ ವ್ಯವಸ್ಥೆ. ಆ ನಾಲ್ಕು ಮೈಕ್‌ಗಳೂ ಅದಕ್ಕಾಗಿಯೇ ಇರುವಂಥವು. ಧರಿಸಿದವರ ಕಿವಿಗೆ ಬೀಳುವ ಎಂಜಿನ್ ಸದ್ದು ಅದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ನಮಗೆ ಬೇಕಾದದ್ದು ಎಎನ್‌ಸಿ: ಹೊರಗಿನ ಸದ್ದನ್ನು ಮೈಕ್‌ನಿಂದ ಆಲಿಸಿ, ಅದಕ್ಕೆ ತದ್ವಿರುದ್ಧವಾದ ತರಂಗವನ್ನು ಆ ಕ್ಷಣದಲ್ಲೇ ಸ್ಪೀಕರ್‌ನಿಂದ ಹೊರಡಿಸಿ, ಎರಡೂ ಒಂದನ್ನೊಂದು ಅಳಿಸುವಂತೆ ಮಾಡುವ ತಂತ್ರ. ಅಗ್ಗದ ಸರಕಿನಲ್ಲಿ ಈ ಎರಡು ಹೆಸರುಗಳ ಗೊಂದಲದಿಂದಲೇ ಬಹಳ ಜನ ಮೋಸಹೋಗುತ್ತಾರೆ.

ಚಿಕ್ಕಪ್ಪ: ಹಾಗಾದರೆ ಅದೇ ಪುಟದ ಕೆಳಗಿರುವ ಇನ್ನೊಂದನ್ನು ನೋಡು. ಅದರಲ್ಲಿ ಎಎನ್‌ಸಿ ಎಂದೇ ಬರೆದಿದ್ದಾರೆ, ‘50 ಡೆಸಿಬಲ್‌ವರೆಗೆ’ ಎಂದೂ ಸ್ಪಷ್ಟವಾಗಿ ಹೇಳಿದ್ದಾರೆ. ಹೆಸರಾಂತ ಕಂಪನಿಗಳಲ್ಲೂ ಕೆಲವು ಇಂಥ ಅಂಕಿಯನ್ನು ಹೇಳುವುದಿಲ್ಲ.

ನಾನು: ಆ ‘ವರೆಗೆ’ ಎಂಬ ಪದವನ್ನು ಗಮನಿಸಬೇಕು, ಚಿಕ್ಕಪ್ಪ. ಯಾವುದೋ ಒಂದು ಆವರ್ತನದಲ್ಲಿ (ಸದ್ದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ), ಪ್ರಯೋಗಾಲಯದಲ್ಲಿ ಸಿಕ್ಕ ಅತ್ಯುತ್ತಮ ಅಳತೆಯನ್ನು ಡಬ್ಬದ ಮೇಲೆ ಅಚ್ಚುಹಾಕಲು ಬರುತ್ತದೆ. ಉಳಿದ ಆವರ್ತನಗಳಲ್ಲಿ ಅದು ಎಷ್ಟು ತಗ್ಗಿಸುತ್ತದೆ ಎಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಹಾರಾಟದ ವೇಳೆ ವಿಮಾನದೊಳಗಿನ ಸದ್ದು ಸುಮಾರು 80ರಿಂದ 85 ಡೆಸಿಬಲ್ ಇರುತ್ತದೆ. ಡೆಸಿಬಲ್ ಲೆಕ್ಕದಲ್ಲಿ 20 ಕಡಿಮೆಯಾದರೆ ಸದ್ದಿನ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿದಂತೆ. ಆದ್ದರಿಂದ ಎಂಜಿನ್ ಮೊರೆತದ ಆವರ್ತನಗಳಲ್ಲಿ ಪ್ರಾಮಾಣಿಕವಾಗಿ 20 ಡೆಸಿಬಲ್ ತಗ್ಗಿಸುವ ಹೆಡ್‌ಫೋನ್, 50 ಎಂದು ಬರೆದುಕೊಂಡು ಕಿವಿಗೆ ಸರಿಯಾಗಿ ಕೂರದ ಇಯರ್‌ಬಡ್‌ಗಿಂತ ಎಷ್ಟೋ ಮೇಲು.

ಅತ್ತೆ: ಇಷ್ಟೆಲ್ಲ ಏಕೆ ಬೇಕು ಎಂದು ನನಗೆ ಅರ್ಥವಾಗುತ್ತಿಲ್ಲ. ನಾನು ಎರಡು ಬಾರಿ ಸಮುದ್ರ ದಾಟಿ ಬಂದಿದ್ದೇನೆ, ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡು ಸುಖವಾಗಿ ಮಲಗಿದ್ದೇನೆ. ಅದಕ್ಕೆ ಬ್ಯಾಟರಿಯೂ ಬೇಡ, ಬೆಲೆಯೂ ಇಲ್ಲ.

ನಾನು: ಅತ್ತೆ, ನಿಮ್ಮ ಮಾತನ್ನು ತಳ್ಳಿಹಾಕಲಾರೆ, ಏಕೆಂದರೆ ಮಗುವಿನ ಅಳು ಅಥವಾ ಪಕ್ಕದವರ ಮಾತಿನ ವಿಷಯದಲ್ಲಿ ಇಯರ್‌ಪ್ಲಗ್ ಅನೇಕ ಎಎನ್‌ಸಿ ಹೆಡ್‌ಫೋನ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡಬಲ್ಲದು. ಎಎನ್‌ಸಿ ಹೆಚ್ಚಾಗಿ ಪಳಗಿಸುವುದು ಸುಮಾರು 1000 ಹರ್ಟ್ಜ್‌ಗಿಂತ (ಸೆಕೆಂಡಿಗೆ ಸಾವಿರ ಕಂಪನ) ಕೆಳಗಿನ, ಏಕಪ್ರಕಾರವಾಗಿ ಮೊರೆಯುವ ಸದ್ದನ್ನು. 100 ಹರ್ಟ್ಜ್‌ನ ಮೊರೆತದ ಒಂದೊಂದು ತರಂಗವೂ ಸುಮಾರು 3.4 ಮೀಟರ್ ಉದ್ದವಿರುವುದರಿಂದ ಅದಕ್ಕೆ ಸರಿಯಾದ ಎದುರು ತರಂಗವನ್ನು ಹೆಣೆಯುವುದು ಸುಲಭ. ಕೀರಲು ಸದ್ದಿನ ತರಂಗ ಕೆಲವೇ ಸೆಂಟಿಮೀಟರ್ ಇರುವುದರಿಂದ, ಸ್ವಲ್ಪ ತಡವಾದರೂ ಲೆಕ್ಕ ತಪ್ಪುತ್ತದೆ. ಅಂಥ ಸದ್ದನ್ನು ತಡೆಯುವುದು ಕಿವಿಯ ಸುತ್ತ ಒತ್ತಿ ಕೂರುವ ಮೆತ್ತೆಯೇ ಹೊರತು ಒಳಗಿನ ಚಿಪ್ ಅಲ್ಲ. ಹದಿನಾಲ್ಕು ಗಂಟೆ ಬಿಡದೆ ಕಾಡುವುದು ಮಾತ್ರ ಆ ತಗ್ಗಿನ ಮೊರೆತ. ಇಳಿದ ಮೇಲೂ ತಲೆ ಗುಂಯ್ ಎನ್ನುವುದನ್ನು ನಾನು ಅನುಭವಿಸಿದ್ದೇನೆ.

ತಮ್ಮ: ಅಕ್ಕ, ನೀನು ಹೇಳುತ್ತಿರುವುದೆಲ್ಲ ಒಳ್ಳೆಯ ಕಂಪನಿಯದನ್ನೇ ಕೊಳ್ಳಬೇಕೆಂಬುದಕ್ಕೆ ಸಾಕ್ಷಿ. 1978ರಲ್ಲಿ ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರು ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳಿಸದೆ, ಅಲ್ಲಿಯೇ ಕುಳಿತು ಈ ಲೆಕ್ಕ ಆರಂಭಿಸಿದರು. ಕಂಪನಿ ಅದನ್ನು ಪೈಲಟ್‌ಗಳಿಗೆ ಮಾರಲು 1989 ಆಯಿತು, ಪ್ರಯಾಣಿಕರ ಕೈಗೆ ಬರಲು 2000 ಆಯಿತು. ಅಷ್ಟು ವರ್ಷ ದುಡಿದವರ ಸರಕನ್ನು ಬಿಟ್ಟು ಅಗ್ಗದ್ದಕ್ಕೆ ಏಕೆ ಕೈಹಾಕಬೇಕು? ಎಲ್ಲರೂ ಸ್ವಲ್ಪ ಹೆಚ್ಚು ಹಾಕಿದರೆ ದೊಡ್ಡಮ್ಮನಿಗೆ ಮೇಲ್ದರ್ಜೆಯದೇ ಸಿಗುತ್ತದೆ.

ನಾನು: ಬೋಸ್ ಅವರ ಸಾಧನೆಯ ಬಗ್ಗೆ ನನಗೂ ಗೌರವವಿದೆ. ಆದರೆ ಎದುರು ತರಂಗದಿಂದ ಸದ್ದನ್ನು ಅಳಿಸುವ ವಿಚಾರಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆಗ ಇಲ್ಲದಿದ್ದುದು ಅಷ್ಟು ವೇಗವಾಗಿ ಲೆಕ್ಕ ಹಾಕುವ ಪುಟ್ಟ ಚಿಪ್. ಈಗ ಅದು ಮಧ್ಯಮ ಬೆಲೆಯ ಹೆಡ್‌ಫೋನಿನಲ್ಲೂ ಇದೆ. ಸೋನಿಯ ಡಬ್ಲ್ಯೂಎಚ್-ಸಿಎಚ್720ಎನ್ ಅನ್ನೇ ನೋಡು: 2023ರಲ್ಲಿ ಬಂದದ್ದು, ತೂಕ 192 ಗ್ರಾಂ, ಎಎನ್‌ಸಿ ಹಾಕಿಕೊಂಡೇ 35 ಗಂಟೆ ನಡೆಯುತ್ತದೆಂದು ಕಂಪನಿ ಹೇಳುತ್ತದೆ. ಸೌಂಡ್‌ಕೋರ್‌ನ ಕ್ಯೂ30ಕ್ಕೆ 40 ಗಂಟೆ. ಮೇಲ್ದರ್ಜೆಯವು ಇವಕ್ಕಿಂತ ಉತ್ತಮವೆಂಬುದನ್ನು ಒಪ್ಪುತ್ತೇನೆ, ಆದರೆ ನಾನು ಕಂಡಂತೆ ಆ ಹೆಚ್ಚುಗಾರಿಕೆ ಎದ್ದುಕಾಣುವುದು ಜನರ ಮಾತಿನ ಸದ್ದನ್ನು ತಗ್ಗಿಸುವುದರಲ್ಲಿ. ಎಂಜಿನ್ ಮೊರೆತದ ಮಟ್ಟಿಗೆ ಮಧ್ಯಮ ಬೆಲೆಯದ್ದೇ ಸಾಕು ಎನ್ನುವುದು ನನ್ನ ಅನುಭವ. ವರ್ಷಕ್ಕೊಮ್ಮೆ ಹಾರುವವರಿಗಾಗಿ ಅಷ್ಟು ದುಡ್ಡು ಸುರಿಯುವುದು ಸರಿಯೆಂದು ನನಗೆ ತೋರುವುದಿಲ್ಲ.

ತಮ್ಮ: ಹಳೆಯ ಮೇಲ್ದರ್ಜೆಯ ಮಾದರಿಯೊಂದನ್ನು ದುರಸ್ತಿ ಮಾಡಿ ಮಾರುವವರಿಂದ ಕೊಂಡರೆ ಆ ಆಕ್ಷೇಪವೂ ಉಳಿಯುವುದಿಲ್ಲವಲ್ಲ?

ನಾನು: ಬ್ಯಾಟರಿಯನ್ನೂ ಮೆತ್ತೆಗಳನ್ನೂ ಬದಲಿಸಿದ್ದಾರೆಂದು ಬರಹದಲ್ಲಿ ಕೊಟ್ಟರೆ, ಹಿಂದಿರುಗಿಸುವ ಅವಕಾಶವೂ ಇದ್ದರೆ, ಆಗಲಿ. ಮೆತ್ತೆಯ ಹೊದಿಕೆ ಬಿರುಕು ಬಿಟ್ಟು ಗಾಳಿ ಸೋರಿದರೆ ಎಂಥ ದುಬಾರಿ ಹೆಡ್‌ಫೋನ್ ಆದರೂ ಮೊರೆತ ಒಳನುಗ್ಗುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತಿಲ್ಲ. ಎಷ್ಟೋ ವಿಮಾನಗಳಲ್ಲಿ ಸೀಟಿನ ಮುಂದಿನ ಪರದೆಗೆ ಬ್ಲೂಟೂತ್ ಇರುವುದಿಲ್ಲ, ತಂತಿಯನ್ನೇ ಚುಚ್ಚಬೇಕು. ನನ್ನ ಮೊದಲ ದೀರ್ಘ ಪ್ರಯಾಣದಲ್ಲಿ ಇಯರ್‌ಬಡ್ ಮಾತ್ರ ಒಯ್ದಿದ್ದರಿಂದ ಪರದೆಯಲ್ಲಿ ಏನನ್ನೂ ಕೇಳಲಾಗದೆ, ರಾತ್ರಿಯಿಡೀ ಬರಿಯ ಚಿತ್ರಗಳನ್ನು ನೋಡುತ್ತ ಕುಳಿತದ್ದು ಇನ್ನೂ ನೆನಪಿದೆ. ಆದ್ದರಿಂದ 3.5 ಮಿಲಿಮೀಟರಿನ ತಂತಿಯನ್ನು ಸೇರಿಸಬಹುದಾದ ಹೆಡ್‌ಫೋನನ್ನೇ ಆರಿಸಬೇಕು. ಹಳೆಯ ಸೀಟುಗಳಲ್ಲಿ ಎರಡು ರಂಧ್ರಗಳಿರುವುದರಿಂದ ಅದಕ್ಕೆ ಹೊಂದುವ ಚಿಕ್ಕ ಅಡಾಪ್ಟರ್ ಒಂದನ್ನೂ ಚೀಲದಲ್ಲಿಡಬೇಕು.

ದೊಡ್ಡಮ್ಮ: ನನಗಾಗಿ ಇಷ್ಟು ಯೋಚಿಸುತ್ತಿರುವುದನ್ನು ಕಂಡು ಮನಸ್ಸು ತುಂಬಿ ಬಂತು, ಆದರೆ ನನ್ನನ್ನೇ ಯಾರೂ ಕೇಳಲಿಲ್ಲ. ಕಿವಿಯೊಳಗೆ ಏನನ್ನು ತುರುಕಿದರೂ ನನಗೆ ಹತ್ತೇ ನಿಮಿಷಕ್ಕೆ ನೋವು ಬರುತ್ತದೆ. ನಾನು ಕನ್ನಡಕ ತೆಗೆಯುವುದಿಲ್ಲ. ಹಾಡು ಬೇಕೆಂದೇನೂ ಇಲ್ಲ, ನಿದ್ದೆ ಬರಬೇಕು. ಆದರೆ ಗಗನಸಖಿ ಕರೆದರೆ ಕೇಳಿಸಲೂ ಬೇಕು.

ಚಿಕ್ಕಪ್ಪ: ಅತ್ತಿಗೆ, ಇದು ನನಗೆ ತಿಳಿದಿರಲಿಲ್ಲ. ಹಾಗಾದರೆ ಇಯರ್‌ಬಡ್‌ನ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನಾನು: ತಪ್ಪು ನನ್ನದೂ ಹೌದು, ದೊಡ್ಡಮ್ಮ, ಮೊದಲು ನಿಮ್ಮನ್ನೇ ಕೇಳಬೇಕಿತ್ತು. ಹಾಡಿಲ್ಲದೆಯೂ ಎಎನ್‌ಸಿ ಕೆಲಸ ಮಾಡುತ್ತದೆ. ಹತ್ತಿರ ಬಂದು ಮಾತನಾಡಿಸುವವರ ದನಿ ಸಣ್ಣಗೆ ಕೇಳಿಸುತ್ತದೆ. ಗುಂಡಿ ಒತ್ತಿದರೆ ಹೊರಗಿನ ಸದ್ದನ್ನು ಒಳಬಿಡುವ ಸೌಲಭ್ಯವೂ ಇಂಥ ಮಾದರಿಗಳಲ್ಲಿದೆ. ನನಗೆ ಚಿಂತೆಯಿರುವುದು ಕನ್ನಡಕದ್ದು. ಅದರ ಕಾಲು ಮೆತ್ತೆಯ ಅಡಿಯಲ್ಲಿ ಸಂದಿ ಮಾಡುತ್ತದೆ, ಒತ್ತಿ ಒತ್ತಿ ಕಿವಿಯ ಮೇಲ್ಭಾಗ ನೋಯುವುದೂ ಉಂಟು. ಇದನ್ನು ಯಾವ ಪುಟವನ್ನು ಓದಿಯೂ ತೀರ್ಮಾನಿಸಲಾಗದು. ಭಾನುವಾರ ನನ್ನ ಹೆಡ್‌ಫೋನ್ ತರುತ್ತೇನೆ. ನೀವು ಕನ್ನಡಕ ಹಾಕಿಕೊಂಡೇ ಅದನ್ನು ಧರಿಸಿ, ಜೋರಾಗಿ ತಿರುಗುವ ಫ್ಯಾನಿನ ಮುಂದೆ ಒಂದು ಗಂಟೆ ಕುಳಿತು ನೋಡಿ. ಮೊದಲು ಎಎನ್‌ಸಿ ಇಲ್ಲದೆ, ಆಮೇಲೆ ಹಾಕಿಕೊಂಡು.

ದೊಡ್ಡಮ್ಮ: ಆಗಲಿ. ಮೇಲೆ ಹಾರುವಾಗ ಅದರ ಬ್ಯಾಟರಿ ಮುಗಿದರೆ ಏನು ಮಾಡುವುದು?

ನಾನು: ಹೊರಡುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿಕೊಡುತ್ತೇನೆ, ನಿಮ್ಮ ಪ್ರಯಾಣದ ಎರಡರಷ್ಟು ಹೊತ್ತು ಬರುತ್ತದೆ. ಹಾಗೆಯೂ ಮುಗಿದರೆ ತಂತಿ ಚುಚ್ಚಿದಾಗ ಪರದೆಯ ಸದ್ದು ಕೇಳಿಸುತ್ತಲೇ ಇರುತ್ತದೆ, ಮೊರೆತ ತಗ್ಗಿಸುವುದು ಮಾತ್ರ ನಿಲ್ಲುತ್ತದೆ. ಪವರ್ ಬ್ಯಾಂಕ್ ಒಯ್ಯುವುದಾದರೆ ಅದನ್ನು ಕೈಚೀಲದಲ್ಲಿಯೇ ಇಡಬೇಕು, ಸರಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ.

ಅತ್ತೆ: ನನ್ನ ಇಯರ್‌ಪ್ಲಗ್‌ನ ಹೊಸ ಜೋಡಿಯೊಂದನ್ನೂ ಭಾನುವಾರ ತರುತ್ತೇನೆ. ಒಳಗೆ ಹಾಕಿಕೊಳ್ಳದಿದ್ದರೂ ಚೀಲದಲ್ಲಿರಲಿ, ಅತ್ತಿಗೆ.

ಚಿಕ್ಕಪ್ಪ: ಭಾನುವಾರದವರೆಗೆ ನಾನು ಏನನ್ನೂ ತರಿಸುವುದಿಲ್ಲ.