ಸಹಾಯ ಬೇಕು: ಆಪರೇಷನ್‌ಗೆ ಮುಂಚೆ ಮಗುವಿಗೆ ಅಸಿಡಿಟಿ ಔಷಧಿ ಕೊಡುತ್ತಾರಾ?

ಎಲ್ಲರಿಗೂ ನಮಸ್ಕಾರ. ನಮ್ಮ 5 ವರ್ಷದ ಮಗಳಿಗೆ ಮುಂದಿನ ವಾರ ಹರ್ನಿಯಾ ಆಪರೇಷನ್ ಇದೆ. ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಅವಳಿಗೆ ಹುಳಿತೇಗಿನ ತೊಂದರೆ ಮೊದಲಿನಿಂದಲೂ ಇದೆ. ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಕೂತು, ಮುಖ ಕಿವುಚಿಕೊಂಡು, ಗಂಟಲಿಗೆ ಬಂದದ್ದನ್ನು ನುಂಗುತ್ತಾಳೆ. ನನ್ನ ಭಯ ಅದೇ. ಅರಿವಳಿಕೆಯಲ್ಲಿ ಕೆಮ್ಮಲು, ನುಂಗಲು ಆಗುವುದಿಲ್ಲ. ಹೊಟ್ಟೆಯ ಆಮ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಸುಟ್ಟ ಹಾಗೆ ಗಾಯವಾಗುತ್ತದೆ. ಹೀಗಾಗುವುದು ಅಪರೂಪ ಅಂತ ಗೊತ್ತು, ಆದರೂ ಮನಸ್ಸು ಕೇಳುತ್ತಿಲ್ಲ.

ಗಟ್ಟಿ ಆಹಾರ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಿಸಿ ಅಂದಿದ್ದಾರೆ. ಅದು ಸರಿ. ಆದರೆ ಆಮ್ಲ ಕಡಿಮೆ ಮಾಡುವ ಔಷಧಿಯನ್ನು ಎಲ್ಲ ಮಕ್ಕಳಿಗೂ ಸುಮ್ನೆ ಕೊಡುವುದಿಲ್ಲ, ಅಪಾಯ ಜಾಸ್ತಿ ಇರುವವರಿಗೆ ಮಾತ್ರ ಅಂತ ಓದಿದೆ. ಫಾಮೊಟಿಡಿನ್, ಒಮೆಪ್ರಜೋಲ್ ಹೊಸ ಆಮ್ಲ ಹುಟ್ಟುವುದನ್ನು ತಗ್ಗಿಸುತ್ತವೆ, ಆಗಲೇ ಹೊಟ್ಟೆಯಲ್ಲಿ ಇರುವುದನ್ನು ತೆಗೆಯುವುದಿಲ್ಲ. ಅಂದರೆ ಸಾಕಷ್ಟು ಮುಂಚೆಯೇ ಕೊಡಬೇಕು, ಅಲ್ವಾ?

ಹುಳಿತೇಗು ಇರುವ ಮಗುವಿಗೆ ಆಪರೇಷನ್ ಮಾಡಿಸಿದವರು ಇದ್ದರೆ ಹೇಳಿ. ಔಷಧಿ ಕೊಟ್ಟಿದ್ದು ಹಿಂದಿನ ರಾತ್ರಿಯಾ, ಅವತ್ತು ಬೆಳಿಗ್ಗೆಯಾ? ದಿನಾ ಕುಡಿಯುವ ಸಿರಪ್ ಮುಂದುವರಿಸಲು ಹೇಳಿದ್ದರಾ? ನಾನಾಗಿ ಏನೂ ಕೊಡುವುದಿಲ್ಲ. ಅರಿವಳಿಕೆ ವೈದ್ಯರ ಹತ್ತಿರ ಏನೇನು ಕೇಳಬೇಕು ಅಂತ ದಯವಿಟ್ಟು ತಿಳಿಸಿ.